ಕಂತು ತಪ್ಪಿದವಳ ಮನೆಗೆ ಮೊದಲು ನಾವು ಹೋಗೋಣ: ಸಂಘದ ಅಕ್ಕತಂಗಿಯರಿಗೆ ಒಂದು ಬಹಿರಂಗ ಪತ್ರ

ಸಂಘದ ಅಕ್ಕಂದಿರಿಗೆ, ತಂಗಿಯರಿಗೆ, ಸೆಂಟರ್ ಲೀಡರ್‌ಗಳಿಗೆ ನಮಸ್ಕಾರ.

ಈ ಪತ್ರ ಸರ್ಕಾರಕ್ಕಲ್ಲ, ಗುಂಪಿನ ಜಾಮೀನಿನ ಮೇಲೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳಿಗೂ ಅಲ್ಲ. ಅವರಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇದು ವಾರಕ್ಕೊಂದು ಸಲ ಸೆಂಟರ್ ಮೀಟಿಂಗಿಗೆ, ಅಂದರೆ ಕಂತು ಕಟ್ಟುವ ಸಭೆಗೆ, ಚಾಪೆ ಹಾಸಿಕೊಂಡು ಸಾಲಾಗಿ ಕೂತು, ಪಾಸ್‌ಬುಕ್ಕಿನೊಳಗೆ ನೋಟು ಮಡಚಿಟ್ಟುಕೊಂಡು ಕಾಯುವ ನಮಗೇ. ನಾನೂ ಅದೇ ಚಾಪೆ ಮೇಲೆ ಕೂರುವವಳು. ಮಂಡ್ಯ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಲಿಗೆ ಮಿಷನ್ ತಗೊಂಡಿದ್ದೂ ಸಂಘದ ಸಾಲದಲ್ಲೇ. ಹಾಗಾಗಿ ಸಾಲವೇ ಕೆಟ್ಟದ್ದು ಅಂತ ಬುದ್ಧಿ ಹೇಳಲು ಬಂದಿಲ್ಲ.

ಹೇಳಬೇಕಾದ್ದು ಇಷ್ಟೇ. ನಮ್ಮಲ್ಲಿ ಯಾರಾದರೂ ಕಂತು ತಪ್ಪಿಸಿದರೆ ಅವಳ ಮನೆಗೆ ಮೊದಲು ಹೋಗುವವರು ನಾವಾಗಬೇಕು. ದುಡ್ಡು ಕೇಳಲು ಅಲ್ಲ, ಅವಳನ್ನು ನೋಡಲು.

2025ರ ಜನವರಿ ನೆನಪಿದೆ ಅಲ್ವಾ? ದಿನಾ ಟಿವಿಯಲ್ಲಿ ಸಾಲ ವಸೂಲಿ ಕಿರುಕುಳದ್ದೇ ಸುದ್ದಿ. ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ರಾತ್ರೋರಾತ್ರಿ ಊರು ಬಿಟ್ಟ ಕುಟುಂಬಗಳು. ಮನೆ ಗೋಡೆ ಮೇಲೆ ಬಣ್ಣದಲ್ಲಿ ಬರೆದ ಸಾಲದ ಒಕ್ಕಣೆ. ಹಾವೇರಿ ಜಿಲ್ಲೆಯ ಹೆಂಗಸರು ‘ಮಾಂಗಲ್ಯ ಉಳಿಸಿ’ ಅಂತ ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆಯೂ ಆಯಿತು. ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯದೇ ಆಯಿತು. ಆದರೆ ಕಾಯ್ದೆ ಬಂದಿದ್ದು ವಸೂಲಿಗೆ ಬರುವವನ ಬಾಯಿ ಮುಚ್ಚಿಸಲು. ನಮ್ಮ ಬಾಯಿಗೆ ಕಾಯ್ದೆ ಇಲ್ಲ.

ಕಲೆಕ್ಷನ್ ಹುಡುಗ ಬರುತ್ತಾನೆ, ಸ್ವಲ್ಪ ಹೊತ್ತು ಕೂಗಾಡುತ್ತಾನೆ, ಬೈಕ್ ಹತ್ತಿ ಹೋಗುತ್ತಾನೆ. ನೀರಿನ ಟ್ಯಾಂಕ್ ಹತ್ತಿರ, ಡೇರಿ ಮುಂದೆ, ನ್ಯಾಯಬೆಲೆ ಅಂಗಡಿ ಸಾಲಿನಲ್ಲಿ ಅವಳಿಗೆ ದಿನಾ ಎದುರಾಗುವುದು ನಾವು. ‘ನಾವೆಲ್ಲ ಕಟ್ತಿಲ್ವಾ? ಇವಳಿಗೇನು ಬಂದಿರೋದು?’ ‘ಸೀರೆ ಉಡೋಕೆ ದುಡ್ಡಿದೆ, ಕಂತಿಗಿಲ್ವಾ?’ ಈ ಮಾತು ಅಂದವರು ಮನೆಗೆ ಹೋಗಿ ಮುದ್ದೆ ಉಂಡು ಮರೆತುಬಿಡುತ್ತಾರೆ. ಕೇಳಿಸಿಕೊಂಡವಳು ರಾತ್ರಿಯೆಲ್ಲ ಅದನ್ನೇ ತಿರುವಿ ಹಾಕುತ್ತಾಳೆ.

ಇದು ಹೀಗೇ ಆಗಲಿ ಅಂತಲೇ ವ್ಯವಸ್ಥೆ ಕಟ್ಟಿರೋದು ಅಂತ ನನಗೆ ಅನ್ನಿಸುತ್ತದೆ. ಒಬ್ಬರಿಗೊಬ್ಬರು ಜಾಮೀನು ಅನ್ನುವ ಪದ್ಧತಿಗೆ ಹೆಸರು ತಂದವರು ಬಾಂಗ್ಲಾದೇಶದ ಮುಹಮ್ಮದ್ ಯೂನುಸ್. 1976ರಲ್ಲಿ ಜೋಬ್ರಾ ಅನ್ನುವ ಹಳ್ಳಿಯಲ್ಲಿ ಬಡವರಿಗೆ ಅಡವಿಲ್ಲದೆ ಸಾಲ ಕೊಟ್ಟು ನೋಡಿದರು. ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ನಮ್ಮ ಕರ್ನಾಟಕದಲ್ಲಿ 1980ರ ದಶಕದಲ್ಲೇ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ಸಣ್ಣ ಸಣ್ಣ ಗುಂಪು ಕಟ್ಟಿತ್ತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ ಅಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸಲು ಶುರು ಮಾಡಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳ ಯೋಜನೆ ಬಂತು. ಆ ಗುಂಪುಗಳಲ್ಲಿ ಉಳಿತಾಯ ನಮ್ಮದು, ತೀರ್ಮಾನವೂ ನಮ್ಮದು. ಒಬ್ಬಳ ಮಗುವಿಗೆ ಹುಷಾರಿಲ್ಲ ಅಂದರೆ ‘ಬಿಡು, ಮುಂದಿನ ತಿಂಗಳು ಕಟ್ಟು’ ಅನ್ನುವ ಅಧಿಕಾರ ಗುಂಪಿಗಿತ್ತು. ಈಗಿನ ವಾರದ ಕಂತಿನಲ್ಲಿ ದುಡ್ಡು ಕಂಪನಿಯದ್ದು, ಲೆಕ್ಕ ಅವರ ಟ್ಯಾಬ್‌ನಲ್ಲಿ, ಜಾಮೀನು ಮಾತ್ರ ನಮ್ಮದು. ಚಿನ್ನ ಅಡ ಇಡಿಸಿಕೊಳ್ಳಲ್ಲ ನಿಜ. ಬೀದಿಯಲ್ಲಿ ನಮಗಿರುವ ಮರ್ಯಾದೆಯೇ ಅಡ.

ಕಷ್ಟ ಇದ್ದವರು ಹೇಳಿಕೊಳ್ಳುತ್ತಾರೆ ಅಂತ ಅಂದುಕೊಳ್ಳುತ್ತೇವೆ. ಜಾಸ್ತಿ ಜನ ಹೇಳಲ್ಲ. ಅಂಗಡಿಯಲ್ಲಿ ಕೂತು ನೋಡಿ ನೋಡಿ ನನಗೆ ಕೆಲವು ಗುರುತು ಸಿಕ್ಕಿವೆ. ಗೌರಿ ಹಬ್ಬಕ್ಕೆ ಅಂತ ಹೊಲಿಸಲು ಕೊಟ್ಟ ಬ್ಲೌಸು ದೀಪಾವಳಿ ಬಂದರೂ ಮೊಳೆಗೆ ನೇತಾಡುತ್ತಿರುತ್ತದೆ. ಫೋನ್ ಮಾಡಿದರೆ ‘ನಾಳೆ ಬರ್ತೀನಕ್ಕ’. ಬರಲ್ಲ. ಅಂಗಡಿ ಮುಂದೆ ಹಾದು ಹೋಗುತ್ತಿದ್ದವಳು ಹಿಂದಿನ ಗಲ್ಲಿ ಸುತ್ತಿ ಹೋಗುತ್ತಾಳೆ. ಕಿವಿಯಲ್ಲಿ ಓಲೆ ಇರಲ್ಲ, ತೂತು ಮುಚ್ಚದ ಹಾಗೆ ಪೊರಕೆ ಕಡ್ಡಿ ಸಿಕ್ಕಿಸಿಕೊಂಡಿರುತ್ತಾಳೆ. ಕೇಳಿದರೆ ‘ಕಿವಿ ಹುಣ್ಣಾಗಿದೆ’ ಅನ್ನುತ್ತಾಳೆ. ಕತ್ತಲ್ಲಿ ಕರಿಮಣಿ ಇದೆ, ನಡುವಿನ ಚಿನ್ನದ ಗುಂಡು ಇಲ್ಲ. ಫೋನ್ ಬಂದರೆ ನಂಬರ್ ನೋಡಿ ಮಗುಚಿ ಇಡುತ್ತಾಳೆ. ಪಿಯುಸಿಗೆ ಹೋಗುತ್ತಿದ್ದ ಮಗಳು ಇದ್ದಕ್ಕಿದ್ದ ಹಾಗೆ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ.

ಕೆಲವರದ್ದು ಇದರ ಉಲ್ಟಾ. ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಬರುತ್ತಾರೆ, ಜೋರಾಗಿ ನಗುತ್ತಾರೆ, ಕಂತು ಒಂದು ವಾರವೂ ತಪ್ಪಲ್ಲ. ಆ ದುಡ್ಡು ಮೀಟರ್ ಬಡ್ಡಿಯವನಿಂದ ತಂದದ್ದು ಅಂತ ಗೊತ್ತಾಗುವಾಗ ತುಂಬ ತಡವಾಗಿರುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಬಂದ ದಿನವೇ ಹೋಗಿರುತ್ತದೆ. ಒಂದು ಸಂಸ್ಥೆಯ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ, ಅದರದ್ದು ಕಟ್ಟಲು ಮತ್ತೊಂದರಲ್ಲಿ. ಟ್ಯಾಬ್‌ನಲ್ಲಿ ನೋಡಿದರೆ ಇಂಥವರೇ ನಂಬರ್ ಒನ್ ಸದಸ್ಯೆ. ಅಪ್ಪಿತಪ್ಪಿಯೂ ಯಾರೂ ಇವರ ಬಗ್ಗೆ ಯೋಚನೆ ಮಾಡಲ್ಲ.

ನಮ್ಮ ಬೀದಿಯಲ್ಲಿ ಕಂಡ ಒಂದು ವಿಷಯ ಹೇಳುತ್ತೇನೆ. ಹೆಸರು ಬೇಡ. ಅವರೆಕಾಯಿ ಕಾಲ. ಒಬ್ಬ ಸದಸ್ಯೆ ಮೀಟಿಂಗಿಗೆ ಬರುವುದು ನಿಂತಿತ್ತು. ಹಗಲೆಲ್ಲ ಬಾಗಿಲು ಹಾಕಿರುತ್ತಿತ್ತು, ಒಳಗೆ ಇದ್ದಾಳೆ ಅಂತ ಎಲ್ಲರಿಗೂ ಗೊತ್ತು. ‘ಹೋಗಿ ಬಾಗಿಲಲ್ಲೇ ಕೂತ್ಕೊಳ್ಳೋಣ, ಆಗ ಬರ್ತಾಳೆ’ ಅಂತ ನಾಲ್ಕು ಜನ ಮಾತಾಡಿಕೊಂಡರು. ಅದೇ ಗುಂಪಿನಲ್ಲಿ ವಯಸ್ಸಾದ ಒಬ್ಬರಿದ್ದಾರೆ. ನಾವೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತೇವೆ. ಅವರು ‘ಇವತ್ತು ಬ್ಯಾಡ ಕಣ್ರವ್ವ’ ಅಂದು ಎದ್ದು ಹೋದರು. ಮಾರನೇ ದಿನ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ ಕೂಗಿದ್ದಾರೆ. ‘ಕಣ್ಣು ಕಾಣಾಕಿಲ್ಲ ಕಣಮ್ಮಿ, ಹುಳ ಇದ್ದಾವೇನೋ ನೋಡ್ಕೊಡು ಬಾ.’ ದೊಡ್ಡಮ್ಮನ ಕಣ್ಣು ಚೆನ್ನಾಗಿಯೇ ಇದೆ, ಸೂಜಿಗೆ ದಾರ ಪೋಣಿಸುತ್ತಾರೆ! ಇಬ್ಬರೂ ಕೂತು ಕಾಯಿ ಸುಲಿದಿದ್ದಾರೆ. ದುಡ್ಡಿನ ಮಾತೇ ಇಲ್ಲ. ಸುಲಿದ ಕಾಳಿನಲ್ಲಿ ಅರ್ಧ ಅವಳ ಪಾತ್ರೆಗೆ ಸುರಿದು ಬಂದಿದ್ದಾರೆ. ಮತ್ತೊಂದು ದಿನ ಹಿತಕಲು ಅಂತ ನೆನೆಹಾಕಿದ ಕಾಳು ತಗೊಂಡು ಹೋದರು. ಕೈಗೆ ಕೆಲಸ ಇದ್ದಾಗ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕಾಗಿಲ್ಲ ನೋಡಿ, ಕಾಳಿನ ಸಿಪ್ಪೆ ಹಿತಕುತ್ತಲೇ ಅವಳು ಎಲ್ಲ ಹೇಳಿದಳು. ಗಂಡನ ಆಪರೇಷನ್. ನಾದಿನಿಗೆ ಅಂತ ತನ್ನ ಹೆಸರಿನಲ್ಲಿ ತೆಗೆದುಕೊಟ್ಟ ಸಾಲ, ನಾದಿನಿ ಕಟ್ಟುವುದು ನಿಲ್ಲಿಸಿದ್ದು. ಗಂಡನಿಗೆ ಅರ್ಧ ಸಾಲದ ವಿಷಯವೇ ಗೊತ್ತಿಲ್ಲ.

ಆಮೇಲೆ ಮ್ಯಾಜಿಕ್ ಏನೂ ಆಗಲಿಲ್ಲ. ಸಾಲ ಇದ್ದಷ್ಟೇ ಇತ್ತು. ದೊಡ್ಡಮ್ಮನ ಮೊಮ್ಮಗಳು ಎಲ್ಲ ಪಾಸ್‌ಬುಕ್ ಹರಡಿಕೊಂಡು ಒಂದು ಹಾಳೆಯಲ್ಲಿ ಪಟ್ಟಿ ಬರೆದಳು. ಯಾರಿಗೆ ಎಷ್ಟು, ಯಾವ ವಾರ, ಯಾರ ಹೆಸರಿನಲ್ಲಿ. ಅಷ್ಟನ್ನೂ ಒಂದೇ ಹಾಳೆಯಲ್ಲಿ ಕಂಡಾಗ ಅವಳಿಗೆ ಮೊದಲ ಸಲ ಲೆಕ್ಕ ಸಿಕ್ಕಿತು. ಗಂಡನಿಗೆ ಹೇಳುವಾಗ ದೊಡ್ಡಮ್ಮ ಪಕ್ಕದಲ್ಲಿ ಕೂತಿದ್ದರು. ಮುಂದಿನ ಮೀಟಿಂಗಿಗೆ ಇಬ್ಬರೂ ಒಟ್ಟಿಗೆ ಬಂದರು. ಯಾರೂ ಬಾಯಿ ಬಿಡಲಿಲ್ಲ. ದೊಡ್ಡಮ್ಮನ ಮುಂದೆ ಬಾಯಿ ಬಿಡುವ ಧೈರ್ಯ ನಮ್ಮ ಊರಿನಲ್ಲಿ ಯಾರಿಗೂ ಇಲ್ಲ ಅನ್ನುವುದು ಬೇರೆ ಮಾತು.

ಎಲ್ಲ ಬೀದಿಯಲ್ಲೂ ದೊಡ್ಡಮ್ಮ ಇರಲ್ಲ. ಹಾಗಾಗಿ ನಾವೇ ಹೋಗಬೇಕು. ಹೋದಾಗ ‘ಊಟ ಆಯ್ತಾ?’ ಅಂತ ಕೇಳಿದರೆ ‘ಆಯ್ತು’ ಅಂತಲೇ ಅನ್ನುತ್ತಾರೆ. ಕೇಳುವುದು ಬಿಟ್ಟು ಒಂದು ಡಬ್ಬಿ ಸಾರು ತಗೊಂಡು ಹೋಗಿ. ‘ಧೈರ್ಯ ತಂದ್ಕೋ’, ‘ಎಲ್ಲರ ಮನೆ ದೋಸೆನೂ ತೂತೇ’ ಅನ್ನುವ ಮಾತು ಬೇಡ. ಅದರಿಂದ ಹೇಳಬೇಕು ಅಂತಿದ್ದವಳೂ ಸುಮ್ಮನಾಗುತ್ತಾಳೆ. ‘ಎರಡು ವಾರದಿಂದ ಕಾಣಲಿಲ್ಲ, ನಿನ್ನ ನೆನಪಾಯ್ತು, ಬಂದೆ’ ಅಂದರೆ ಸಾಕು. ಮೊದಲ ದಿನ ಏನೂ ಹೇಳದಿದ್ದರೆ ಬೇಜಾರಾಗಬೇಡಿ. ಅವಳು ಹೇಳಿದ್ದನ್ನು ಮಾತ್ರ ನಲ್ಲಿ ಹತ್ತಿರ ತರಬೇಡಿ. ನಮ್ಮ ಊರುಗಳಲ್ಲಿ ಅರ್ಧ ಜನ ಬಾಯಿ ಬಿಡದಿರುವುದು ಇದೇ ಭಯಕ್ಕೆ. ಹೇಳಿದ ಮಾತು ಬಿಸಿ ಆರುವ ಮೊದಲೇ ಊರೆಲ್ಲ ಸುತ್ತಿರುತ್ತದೆ.

ಇನ್ನೊಂದು ವಿಷಯ ಇದೆ, ಹೇಳಲು ಕಷ್ಟ, ಆದರೂ ಹೇಳಲೇಬೇಕು. ಮಾತಿನ ನಡುವೆ ‘ನಾನಿಲ್ಲದಿದ್ರೆ ಎಲ್ಲರಿಗೂ ನೆಮ್ಮದಿ’, ‘ಮಕ್ಕಳನ್ನ ನೋಡ್ಕೊಳ್ಳಿ’ ಅನ್ನುವಂಥ ಮಾತು ಬಂದರೆ ‘ಛೇ, ಬಿಡ್ತು ಅನ್ನು’ ಅಂತ ತಳ್ಳಿಹಾಕಬೇಡಿ. ‘ಸಾಯಬೇಕು ಅಂತ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಅಂತ ನಾವು ಹೆದರುತ್ತೇವೆ. ಹಾಗಾಗಲ್ಲ ಅಂತ ಮನೋವೈದ್ಯರು ಹೇಳುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೇಳಿದರೆ ಅವಳ ಎದೆ ಮೇಲಿನ ಭಾರ ಸ್ವಲ್ಪ ಇಳಿಯುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಬ್ಬಳನ್ನೇ ಬಿಡಬೇಡಿ. ಗುಟ್ಟು ಕಾಪಾಡುವ ಮಾತು ಇಲ್ಲಿ ನಡೆಯಲ್ಲ, ಮನೆಯಲ್ಲಿ ನಂಬುವ ಒಬ್ಬರಿಗಾದರೂ ತಿಳಿಸಲೇಬೇಕು. ಪಕ್ಕದಲ್ಲಿ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡು ಕಟ್ಟಬೇಕಾಗಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ತುಂಬಾ ಅವಸರ ಅನ್ನಿಸಿದರೆ 112. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ಹೊರಡುವ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿಕೊಳ್ಳಿ. (ನಮ್ಮ ಸೆಂಟರ್ ಮೀಟಿಂಗೂ ಮಂಗಳವಾರವೇ. ಒಂದು ವಾರ ಮೀಟಿಂಗ್ ತಪ್ಪಿದರೆ ಆಕಾಶ ಏನೂ ಬೀಳಲ್ಲ.)

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಸೇರಿಸದೆ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಸಾಯಲು ಪ್ರಯತ್ನಪಟ್ಟವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಅವರನ್ನು ಶಿಕ್ಷಿಸುವ ಹಾಗಿಲ್ಲ. ಅದನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಮೊದಲು ಆಸ್ಪತ್ರೆ, ಉಳಿದದ್ದೆಲ್ಲ ಆಮೇಲೆ.

ಈಗ ನೀವು ಕೇಳುವುದು ನನಗೆ ಗೊತ್ತು. ‘ಅವಳು ಕಟ್ಟದಿದ್ರೆ ನಮ್ಮ ತಲೆ ಮೇಲೆ ಬರುತ್ತಲ್ಲ? ನಮ್ಮ ಮುಂದಿನ ಸಾಲ ನಿಲ್ಲಿಸ್ತಾರಲ್ಲ?’ ನ್ಯಾಯವಾದ ಮಾತು. ನಿಮ್ಮ ಮಗಳ ಮದುವೆ, ನಿಮ್ಮ ಬೋರ್‌ವೆಲ್ ಸಾಲ ಅದಕ್ಕೆ ತಗುಲಿಕೊಂಡಿರುತ್ತದೆ. ಸಿಟ್ಟು ಬರುವುದು ತಪ್ಪಲ್ಲ. ಆದರೆ ಆ ಸಿಟ್ಟನ್ನು ಯಾರ ಬಾಗಿಲಿಗೆ ಒಯ್ಯುತ್ತೇವೆ ಅನ್ನುವುದನ್ನು ನೋಡಿಕೊಳ್ಳೋಣ. ‘ಇವಳ ಕಂತಿನ ಅವಧಿ ಹೆಚ್ಚಿಸಿ ಕೊಡಿ’ ಅಂತ ಅವಳೊಬ್ಬಳೇ ಕೇಳಿದರೆ ಬ್ರಾಂಚ್‌ನಲ್ಲಿ ಕೂರಿಸಿಯೂ ಮಾತಾಡಿಸಲ್ಲ. ಇಡೀ ಸೆಂಟರ್ ಸಹಿ ಹಾಕಿದ ಅರ್ಜಿ ಹೋದರೆ ಮ್ಯಾನೇಜರ್ ಉತ್ತರ ಕೊಡಬೇಕಾಗುತ್ತದೆ.

ಕೇಳಲು ನಮಗೆ ದಾರಿಯೂ ಇದೆ. ರಿಸರ್ವ್ ಬ್ಯಾಂಕ್ (ಆರ್‌ಬಿಐ) 2022ರಲ್ಲಿ ಮಾಡಿದ ಮೈಕ್ರೋಫೈನಾನ್ಸ್ ನಿಯಮ ಹೇಳುವುದು ಹೀಗೆ. ಒಂದು ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿಸಿದರೂ ಆ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ಬೆದರಿಸುವುದು, ಬೈಯುವುದು, ನೆಂಟರಿಗೆ ಸ್ನೇಹಿತರಿಗೆ ಕಾಟ ಕೊಡುವುದು, ಸಾಲಗಾರರ ಹೆಸರನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಹಾಕುವುದು, ಯಾವುದನ್ನೂ ಮಾಡುವ ಹಾಗಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಆಗಬೇಕು. ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಆರ್‌ಬಿಐ ಅಡಿಯ ಸಂಸ್ಥೆಯ ಮೇಲೆ ದೂರು ಕೊಡುವುದು ಹೇಗೆ ಅಂತ ತಿಳಿಯಲು 14448. ಕಿರುಕುಳ ಅಂದರೆ ಠಾಣೆ. ವಕೀಲರ ಫೀಸಿಗೆ ಹೆದರುವುದು ಬೇಡ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಅದರ ನಂಬರ್ 15100. ಈ ನಂಬರ್‌ಗಳನ್ನು ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಳ್ಳಿ. ಬರೆಯಲು ಬಾರದವರಿಗೆ ಬರೆದುಕೊಡಿ.

ಬೇಕಂತಲೇ ಕಟ್ಟದೆ ಓಡಾಡುವವರು ಇಲ್ವಾ? ಇದ್ದಾರೆ. ನಮ್ಮ ಊರಿನಲ್ಲೂ ಇದ್ದಾರೆ. ಅವರ ಗುರುತು ಹಿಡಿಯುವುದು ಸುಲಭ. ಮೀಟಿಂಗಿಗೆ ಬಂದು ಎಲ್ಲರಿಗಿಂತ ಜೋರು ಗಂಟಲಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಬಾಗಿಲು ಹಾಕಿಕೊಂಡು ಒಳಗೆ ಕೂರುವವಳು ಆ ಪೈಕಿ ಅಲ್ಲ.

ಕಲೆಕ್ಷನ್ ಹುಡುಗರ ಬಗ್ಗೆಯೂ ಎರಡು ಮಾತು. ಅವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆದರೂ ನೋಡಿ, ನಮ್ಮ ಸೆಂಟರ್‌ಗೆ ಬರುವವನು ಉತ್ತರ ಕರ್ನಾಟಕದ ಕಡೆಯ ಹುಡುಗ, ನನ್ನ ತಮ್ಮನ ವಯಸ್ಸು. ರೂಮಿನಲ್ಲಿ ಇನ್ನೂ ಮೂವರ ಜೊತೆ ಇದ್ದಾನೆ. ಕಲೆಕ್ಷನ್ ಕಮ್ಮಿಯಾದ ದಿನ ರಾತ್ರಿ ತನಕ ಅವನಿಗೆ ಮೇಲಿನವರ ಫೋನ್. ಒಂದು ಸಲ ಅಂಗಡಿ ಮೆಟ್ಟಿಲ ಮೇಲೆ ಕೂತು ನೀರು ಕೇಳಿದ, ಕುಡಿದು ಬಹಳ ಹೊತ್ತು ಎದ್ದೇ ಇಲ್ಲ. ಅವನು ಕೂಗಾಡುವುದು ಇದರಿಂದ ಸರಿಯಾಗಲ್ಲ. ಕೂಗಾಡಿದರೆ ‘ಇಲ್ಲಿ ಹಾಗೆ ಮಾತಾಡೋ ಹಾಗಿಲ್ಲ ತಮ್ಮ’ ಅಂತ ಎಲ್ಲರೂ ಸೇರಿ ಹೇಳೋಣ. ಕೂತು ನೀರು ಕೇಳಿದರೆ ‘ಏನಪ್ಪ, ಮನೆ ಕಡೆ ಹೋಗಿ ಎಷ್ಟು ದಿನ ಆಯ್ತು?’ ಅಂತಲೂ ಕೇಳೋಣ.

ಗಂಡಸರು ಈ ಪತ್ರ ಇಲ್ಲಿಯವರೆಗೆ ಓದಿದ್ದರೆ ನಿಮಗೂ ಒಂದು ಮಾತು. ಸಾಲ ಹೆಂಡತಿ ಹೆಸರಿನಲ್ಲಿರಬಹುದು. ಅದರಲ್ಲಿ ಬಂದ ಬೈಕ್ ಯಾರದ್ದು? ಮೀಟಿಂಗ್ ದಿನ ನೀವೂ ಒಂದು ಸಲ ಬಂದು ಹಿಂದೆ ನಿಂತುಕೊಳ್ಳಿ. ಎಲ್ಲರೆದುರು ಹೆಸರು ಕೂಗಿಸಿಕೊಂಡು ನಿಲ್ಲುವುದು ಹೇಗಿರುತ್ತದೆ ಅಂತ ಗೊತ್ತಾಗುತ್ತದೆ.

ಸೆಂಟರ್ ಲೀಡರ್‌ಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಮೀಟಿಂಗಿನಲ್ಲಿ ಹಾಜರಿ ಕರೆಯುವಾಗ ಬಾರದವರ ಹೆಸರು ಬಂದರೆ ‘ಓವರ್‌ಡ್ಯೂ’ ಅಂತ ಬರೆಸಿ ಮುಂದೆ ಹೋಗಬೇಡಿ. ‘ಇವತ್ತು ಸಂಜೆ ಅವಳ ಮನೆಗೆ ಯಾರು ಹೋಗ್ತೀರಿ?’ ಅಂತ ಕೇಳಿ. ಇಬ್ಬರು ಸಾಕು, ಗುಂಪು ಕಟ್ಟಿಕೊಂಡು ಹೋಗುವುದು ಬೇಡ. ಅವಳ ಜೊತೆ ಈಗಾಗಲೇ ಜಗಳ ಆಡಿದವರನ್ನಂತೂ ಕಳಿಸಲೇಬೇಡಿ. ಬಾಗಿಲಲ್ಲಿ ಕೂರುವ, ಹೊಸಿಲ ಮೇಲೆ ಚಾಪೆ ಹಾಸುವ, ಪಾತ್ರೆ ಎತ್ತಿಕೊಂಡು ಬರುವ ಕೆಲಸಕ್ಕೆ ನಮ್ಮ ಸೆಂಟರ್‌ನಿಂದ ಯಾರೂ ಹೋಗಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ. ಕಂಪನಿಯವರು ಬೇಕಾದರೆ ಮುಖ ಗಂಟು ಹಾಕಿಕೊಳ್ಳಲಿ.

ಬರುವ ಮಂಗಳವಾರ ನಮ್ಮ ಸೆಂಟರ್‌ನಲ್ಲಿ ಈ ಪತ್ರ ಓದುತ್ತೇನೆ. ನಿಮ್ಮಲ್ಲೂ ಓದಿ. ಒಪ್ಪದವರು, ಬೈಯಬೇಕು ಅನ್ನಿಸಿದವರು ಅಂಗಡಿಗೆ ಬನ್ನಿ, ಸಂಜೆ ಏಳರವರೆಗೆ ತೆಗೆದಿರುತ್ತದೆ. ಹೊಲಿಸಿದ ಬ್ಲೌಸು ಬಿಟ್ಟು ಹೋದವರೂ ಬನ್ನಿ. ದುಡ್ಡು ಆಮೇಲೆ ಕೊಡಿ.

ಇಂತಿ,
ನಿಮ್ಮ ಜೊತೆ ಚಾಪೆ ಮೇಲೆ ಕೂರುವ ಒಬ್ಬ ಟೈಲರ್
ಮಂಡ್ಯ ಜಿಲ್ಲೆ